ಲ್ಯಾಪ್‌ಟಾಪೂ ನಮ್ಮ ಮನೆಯವರ ಬೆರಳೂ

ಅವರೆಕಾಳು ಹಿದುಕುತ್ತಾ ಕೂತಿದ್ದೆ. ಹಿಂದಿನ ರಾತ್ರಿ ನೆನೆಹಾಕಿದ ಕಾಳನ್ನು ಎರಡು ಬೆರಳಿನ ನಡುವೆ ಹಿಡಿದು ಒತ್ತಿದರೆ ಬೇಳೆ ಜಾರಿ ಪಾತ್ರೆಗೆ ಬೀಳಬೇಕು, ಸಿಪ್ಪೆ ಕೈಯಲ್ಲೇ ಉಳಿಯಬೇಕು. ಮನಸ್ಸು ನೆಟ್ಟಗಿದ್ದರೆ ಹಾಗೇ ಆಗುತ್ತದೆ. ಇಲ್ಲದಿದ್ದರೆ ಬೇಳೆ ಹಾರಿ ದೇವರ ಗೂಡಿನ ತನಕ ಹೋಗುತ್ತದೆ. ಅವತ್ತು ಅರ್ಧ ಪಾತ್ರೆ ತುಂಬಿತ್ತು, ಫೋನು ಬಂತು. ಆಮೇಲೆ ಹಿದುಕಿದ ಬೇಳೆಯನ್ನೆಲ್ಲ ನಾನು ಮಂಚದ ಕೆಳಗಿನಿಂದಲೇ ಆರಿಸಿಕೊಳ್ಳಬೇಕಾಯಿತು.

ನಮ್ಮ ಮನೆಯವರು ಕೆಲಸದ ಹೊತ್ತಿನಲ್ಲಿ ಫೋನು ಮಾಡುವವರಲ್ಲ. ಬೊಮ್ಮನಹಳ್ಳಿಯ ಹತ್ತಿರದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಸ್ಟೋರ್ಸ್ ನೋಡಿಕೊಂಡವರು. ಯಾವ ಬೋಲ್ಟು ಯಾವ ರ‍್ಯಾಕಿನ ಎಷ್ಟನೆಯ ಡಬ್ಬಿಯಲ್ಲಿದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ. ನಾನು ಒಮ್ಮೆ ಕೇಳಿಯೂ ನೋಡಿದ್ದೇನೆ, ಹೇಳಿದರು. ಮನೆಯಲ್ಲಿ ತಮ್ಮ ಬನಿಯನ್ನು ಎಲ್ಲಿದೆ ಎಂದು ಮಾತ್ರ ಎಚ್ಚರವಿದ್ದಾಗಲೂ ಗೊತ್ತಿರುವುದಿಲ್ಲ. ಇಂಥವರು ಬೆಳಗ್ಗೆ ಹನ್ನೊಂದು ಗಂಟೆಗೆ ಫೋನು ಮಾಡಿ, ಹೊಸ ಮ್ಯಾನೇಜರು ಬಂದಿದ್ದಾರೆ, ಸ್ಟೋರ್ಸಿನ ಲೆಡ್ಜರು ಎಲ್ಲ ಕಂಪ್ಯೂಟರಿಗೆ ಹೋಗುತ್ತದಂತೆ, ಸಂಕ್ರಾಂತಿ ಕಳೆದ ಮೇಲಿನ ಸೋಮವಾರ ಒಂದು ಪರೀಕ್ಷೆ ಇದೆಯಂತೆ ಎಂದರು. ಕಂಪ್ಯೂಟರಿನಲ್ಲಿ ಎಂಟ್ರಿ ಮಾಡಲು ಬಂದವರು ಸ್ಟೋರ್ಸಿನಲ್ಲಿ ಇರುತ್ತಾರೆ, ಬಾರದವರು ಲೋಡಿಂಗ್ ಕಡೆಗೆ. ಲೋಡಿಂಗ್ ಎಂದರೆ ಇಡೀ ದಿನ ಅಂಗಳದಲ್ಲಿ ನಿಂತು ಲಾರಿಗೆ ಪೆಟ್ಟಿಗೆ ಏರಿಸುವುದನ್ನು ಕಾಯುವ ಕೆಲಸ. ಇವರ ಬಲ ಮಂಡಿ ಬಸ್ಸಿನ ಮೆಟ್ಟಿಲು ಹತ್ತುವಾಗಲೇ ಕಟಕ್ ಎನ್ನುತ್ತದೆ.

“ಏನ್ ಮಾಡ್ಬೇಕು ಅಂತೀರಿ?” ಎಂದೆ.

“ಮನೇಲಿ ಒಂದು ಲ್ಯಾಪ್‌ಟಾಪ್ ಇದ್ರೆ ಅಭ್ಯಾಸ ಮಾಡ್ಬೋದು ಅಂತ ಎಲ್ರೂ ಅಂತಾವ್ರೆ” ಎಂದು ಫೋನು ಇಟ್ಟರು.

ಕಾಲ ಹೇಗಿತ್ತು ನೋಡಿ. ನಮ್ಮ ಹೆಬ್ಬಗೋಡಿಯ ಬಾಗಿಲಲ್ಲಿ ನಿಂತರೆ ಬೆಳಗ್ಗೆ ಎಂಟಕ್ಕೆ ಬೀದಿಯಲ್ಲಿ ಹೋಗುವ ಹತ್ತು ಹೆಗಲಿನಲ್ಲಿ ಏಳಕ್ಕೆ ಲ್ಯಾಪ್‌ಟಾಪ್ ಚೀಲ ಇರುತ್ತಿತ್ತು. ಅಷ್ಟು ವರ್ಷದಿಂದ ಅವನ್ನು ನೋಡುತ್ತಿದ್ದರೂ ಒಳಗೆ ಏನಿರುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಊಟದ ಡಬ್ಬಿಯೂ ಅದರಲ್ಲೇ ಹೋಗುತ್ತದೆ ಎಂಬುದಷ್ಟು ಗೊತ್ತಿತ್ತು. ಈಗ ನನ್ನ ಕಿವಿಯ ಓಲೆ ಬದಲಾಯಿಸಲೆಂದು ಎತ್ತಿಟ್ಟಿದ್ದ ಹಣದಲ್ಲಿ ಅಂಥದೊಂದನ್ನು ಕೊಳ್ಳಬೇಕು. ಹಳೆಯ ಓಲೆ ಇನ್ನೂ ಗಟ್ಟಿಯಾಗಿಯೇ ಇತ್ತು, ದೇವರ ದಯೆ.

ನಮ್ಮ ಮಹಡಿಯ ಮೇಲಿನ ರೂಮಿನಲ್ಲಿ ಶಿಲ್ಪಾ ಎಂಬ ಗದಗಿನ ಹುಡುಗಿ ಬಾಡಿಗೆಗಿದ್ದಳು. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಬಿಲ್ಲು ನೋಡುವ ಕೆಲಸ. ಅವಳನ್ನು ಕರೆದು ಕಾಫಿ ಕೊಟ್ಟು ಕೇಳಿದೆ. “ಯಾತಕ್ಕ ಬೇಕ್ರೀ ಆಂಟಿ?” ಎಂದಳು. ದಿನಬಳಕೆಗೆ ಎಂದೆ. ಹಾಗಾದರೆ ಇಷ್ಟು ರ‍್ಯಾಮು, ಇಷ್ಟು ಹಾರ್ಡ್‌ಡಿಸ್ಕು, ಬ್ಯಾಟರಿ ಮೂರು ಗಂಟೆ ಬಂದರೆ ಸಾಕು, ಇಪ್ಪತ್ತೈದು ಸಾವಿರದ ಮೇಲೆ ಹೋಗಬೇಡಿ ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಆ ಚೀಟಿಯನ್ನು ವೈದ್ಯರ ಚೀಟಿಯಂತೆ ಪರ್ಸಿನಲ್ಲಿಟ್ಟುಕೊಂಡೆ. ಓದಲು ಬಂದರೂ ಅರ್ಥವಾಗದಿರುವುದರಲ್ಲಿ ಎರಡೂ ಒಂದೇ.

ದಿನಬಳಕೆ ಎಂಬ ಮಾತಿನ ಮೇಲೆ ನನಗೆ ಮೊದಲಿನಿಂದಲೂ ಗೌರವ. ನೀವೂ ನಿಮ್ಮ ಅಡುಗೆಮನೆಯನ್ನು ನೋಡಿ. ಅಟ್ಟದ ಮೇಲೆ ಹಿತ್ತಾಳೆಯ ಪಾತ್ರೆ ಹೊಳೆಯುತ್ತಾ ಕೂತಿರುತ್ತದೆ, ವರ್ಷಕ್ಕೆರಡು ಸಲ ಇಳಿಯುತ್ತದೆ, ಎಲ್ಲರಿಂದ ಹೊಗಳಿಸಿಕೊಂಡು ಮತ್ತೆ ಏರುತ್ತದೆ. ದಿನಾ ಸಾರು ಕಾಯಿಸುವ ಪಾತ್ರೆಗೆ ಒಂದು ಕಡೆ ನೆಗ್ಗಿರುತ್ತದೆ, ಹಿಡಿ ಅಲ್ಲಾಡುತ್ತದೆ, ಅದನ್ನು ಯಾರೂ ಹೊಗಳುವುದಿಲ್ಲ. ಮನೆ ನಡೆಯುವುದು ಅದರಿಂದ. ಅಂಗಡಿಯಲ್ಲಿ ಮಾತ್ರ ಎಲ್ಲವೂ ಅಟ್ಟದ ಪಾತ್ರೆಯಂತೆ ಕಾಣುತ್ತವೆ. ಯಾವುದು ದಿನಾ ಬೆಂಕಿ ತಡೆಯುತ್ತದೆ ಎಂದು ಅಲ್ಲಿ ಗೊತ್ತಾಗುವುದಿಲ್ಲ.

ಒಂದೊಂದಕ್ಕೆ ಒಂದೊಂದು ಪರೀಕ್ಷೆಯನ್ನು ನಮ್ಮ ಹಿರಿಯರು ಇಟ್ಟುಹೋಗಿದ್ದಾರೆ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಬೇಕು. ಬೆಂಡೆಕಾಯಿಯ ತುದಿ ಮುರಿಯಬೇಕು. ಮಣ್ಣಿನ ಮಡಕೆಯನ್ನು ಗೆಣ್ಣಿನಿಂದ ತಟ್ಟಬೇಕು, ಸದ್ದು ಸೀಳಿ ಬಂದರೆ ಒಡಕು. ಲ್ಯಾಪ್‌ಟಾಪಿಗೆ ಯಾವ ಹಿರಿಯರೂ ಏನೂ ಹೇಳಿ ಹೋಗಿಲ್ಲವಲ್ಲ. ಮೊದಲ ಭಾನುವಾರ ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಕೈ ಸುಮ್ಮನಿರದೆ ನಾನು ಒಂದರ ಬೆನ್ನ ಮೇಲೆ ಗೆಣ್ಣಿನಿಂದ ಎರಡು ಸಲ ತಟ್ಟಿಬಿಟ್ಟೆ. ಅಂಗಡಿಯವನು ಪಾಪ ಒಳ್ಳೆಯವನು. “ಮೇಡಂ, ಅದು ತೆಗೆಯಲ್ಲ, ಬಾಗ್ಲು ಒಳಗಡೆಯಿಂದ ಲಾಕ್” ಎಂದ.

ಮನೆಯ ಓನರಮ್ಮ ಮುನಿರತ್ನಮ್ಮನವರಿಗೆ ಇದನ್ನು ಹೇಳಿದಾಗ ಅವರು ನಗಲೂ ಇಲ್ಲ. ಅವರದು ಹೆಬ್ಬಗೋಡಿಯ ಮೂಲದ ಮನೆತನ. ಈಗ ನಾವು ಹದಿನಾಲ್ಕು ಬಾಡಿಗೆ ಮನೆಯವರು ಇರುವ ಜಾಗದಲ್ಲಿ ಅವರು ಮದುವೆಯಾಗಿ ಬಂದಾಗ ರಾಗಿ ಹೊಲವಿತ್ತಂತೆ. “ಎಮ್ಮೆ ತರಾಕೋದ್ರೆ ನಮ್ಮಾವ ಅಲ್ಲು ನೋಡೋರು, ಕೆಚ್ಚಲು ನೋಡೋರು, ಆಮ್ಯಾಕೆ ಅದುನ್ನ ನಾಕೆಜ್ಜೆ ನಡೆಸೋರು. ನಡೆಸ್ದೆ ತಂದೋನು ಕೆಟ್ಟ” ಎಂದರು. ಲ್ಯಾಪ್‌ಟಾಪನ್ನು ನಡೆಸುವುದು ಹೇಗಮ್ಮ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು ಎಂದು ಆಮೇಲೆ ಗೊತ್ತಾಯಿತು.

ಎರಡನೆಯ ಭಾನುವಾರ ಜಯನಗರಕ್ಕೆ ಹೋದೆವು. ಮೂರನೆಯ ಭಾನುವಾರ ಮತ್ತೆ ಎಸ್.ಪಿ. ರೋಡು. ಪ್ರತಿ ಸಲವೂ ಸಿಲ್ಕ್ ಬೋರ್ಡ್ ಹತ್ತಿರ ಬಸ್ಸು ನಿಂತಲ್ಲೇ ನಿಲ್ಲುತ್ತಿತ್ತು, ನಾನು ಒಂದು ವಿಷ್ಣು ಸಹಸ್ರನಾಮ ಪೂರ್ತಿ ಹೇಳಿಕೊಳ್ಳುವಷ್ಟು ಹೊತ್ತು. ಆ ಜಾಮಿಲ್ಲದಿದ್ದರೆ ನನಗೆ ಅಷ್ಟು ಪಾರಾಯಣ ಎಲ್ಲಿ ಆಗುತ್ತಿತ್ತು ಎಂದು ಸಮಾಧಾನ ಮಾಡಿಕೊಂಡೆ. ಸಮಾಧಾನ ಮಾತ್ರ ಆಗಲಿಲ್ಲ. ಯಾಕೆಂದರೆ ಇವರು ಯಾವುದನ್ನೂ ಒಪ್ಪುತ್ತಿರಲಿಲ್ಲ. ಒಂದರ ಕೀಲು ಸಡಿಲ. ಇನ್ನೊಂದರ ತಳದಲ್ಲಿ ಒಂದು ಸ್ಕ್ರೂ ಪೂರ್ತಿ ಕೂತಿಲ್ಲ. ಮತ್ತೊಂದರ ಫ್ಯಾನು ಸದ್ದು ಮಾಡುತ್ತದೆ. ಇನ್ನೂ ಒಂದರ ಮುಖ ಕನ್ನಡಿಯ ಹಾಗೆ ಹೊಳೆಯುತ್ತದೆ, ಅದರಲ್ಲಿ ಅಕ್ಷರದ ಬದಲು ನಮ್ಮ ಮುಖವೇ ಕಾಣುತ್ತದೆ. ಕಾರ್ಖಾನೆಗೆ ಬಂದ ಮಾಲನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕಳಿಸುವ ಕಣ್ಣು ಅದು. ಮೊದಲ ವಾರ ನನಗೆ ಹೆಮ್ಮೆಯಾಯಿತು. ಎರಡನೆಯ ವಾರ ಕಾಲು ನೋವಾಯಿತು. ಮೂರನೆಯ ವಾರದ ಹೊತ್ತಿಗೆ ಕ್ಯಾಲೆಂಡರಿನಲ್ಲಿ ಆ ಸೋಮವಾರವನ್ನು ನೋಡುವುದನ್ನೇ ಬಿಟ್ಟೆ. ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಹೋಗುತ್ತಿದ್ದೆ, ಬಾಗಿಲಿಗೆ ಹೋಗಿ ಯಾಕೆ ಬಂದೆ ಎಂದು ನಿಲ್ಲುತ್ತಿದ್ದೆ, ಅಷ್ಟರಲ್ಲಿ ಹಾಲು ಉಕ್ಕುತ್ತಿತ್ತು.

ಕಡೆಗೆ ದೇವರನ್ನೇ ಕೇಳಿದೆ. ನಮ್ಮಲ್ಲಿ ನಿರ್ಧಾರ ಆಗದಿದ್ದಾಗ ದೇವರ ಮುಂದೆ ಚೀಟಿ ಹಾಕುವ ಪದ್ಧತಿ ಉಂಟಲ್ಲ, ಹಾಗೆ. ಮಾಡೆಲ್ಲುಗಳ ಹೆಸರಿನಲ್ಲಿ ಬರೀ ನಂಬರು ಇದ್ದು ನನಗೆ ನೆನಪಿರಲಿಲ್ಲವಾದ್ದರಿಂದ ಕಪ್ಪು, ಬೂದು, ಕೆಂಪು ಎಂದು ಮೂರು ಚೀಟಿ ಬರೆದು ಮಡಿಸಿ ಇಟ್ಟೆ. ಬೂದು ಬಂತು. ಇವರಿಗೆ ಹೇಳಿದರೆ, ಬೂದು ಬಣ್ಣದ್ದರ ಚಾರ್ಜರಿನ ವೈರು ಗಿಡ್ಡ ಎಂದರು. ಮಾರನೆಯ ದಿನ ಸ್ನಾನ ಮಾಡಿ ಮತ್ತೆ ಹಾಕಿದೆ. ಕೆಂಪು ಬಂತು. ಮೂರನೆಯ ದಿನ ಚೀಟಿ ಮಡಿಸುವಾಗ ನನಗೇ ನಾಚಿಕೆಯಾಯಿತು. ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿಸಿಕೊಂಡು ಸಿಡುಕದೆ ಉತ್ತರ ಕೊಡುವವನು ದೇವರೊಬ್ಬನೇ. ಇದನ್ನೇ ಮೂರು ಸಲ ನಾನು ಕೇಳಿಸಿಕೊಳ್ಳಬೇಕಾಗಿದ್ದರೆ ಸೌಟು ಎತ್ತುತ್ತಿದ್ದೆ.

ಆ ಮೂರನೆಯ ಭಾನುವಾರದ ಅಂಗಡಿಯ ಮಾತನ್ನು ಹೇಳದೆ ಮುಂದೆ ಹೋದೆ, ಹಿಂದಕ್ಕೆ ಬರುತ್ತೇನೆ. ಅಂಗಡಿಯವನು ಕೆಂಪು ಬಣ್ಣದ್ದನ್ನು ತೆರೆದಿಟ್ಟು, ಸಾರ್, ನಿಮ್ಮ ಹೆಸರು ಟೈಪ್ ಮಾಡಿ ನೋಡಿ, ಬಟನ್ನು ಎಷ್ಟು ಮೆತ್ತಗಿದೆ ಅಂತ ಗೊತ್ತಾಗುತ್ತೆ ಎಂದ. ಇವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಪರವಾಗಿಲ್ಲ, ಪರವಾಗಿಲ್ಲ, ಕಾಣುತ್ತಲ್ಲ ಎಂದರು. ಆಗ ಯಾಕೋ ಉಳಿದ ಅಂಗಡಿಗಳೆಲ್ಲ ನನ್ನ ಕಣ್ಣ ಮುಂದೆ ಬಂದವು. ಮುಚ್ಚಳ ಎತ್ತಿದ್ದಾರೆ, ತಲೆಕೆಳಗು ಮಾಡಿದ್ದಾರೆ, ಸ್ಕ್ರೂ ಎಣಿಸಿದ್ದಾರೆ, ತೂಕ ನೋಡಿದ್ದಾರೆ. ಮೂರು ಭಾನುವಾರದಲ್ಲಿ ಒಂದೇ ಒಂದು ಬಟನ್ನನ್ನು ಒತ್ತಿಲ್ಲ. ಬೇರಿಂಗಿನ ಒಳಗೆ ಬೆರಳು ತೂರಿಸಿ ಕಣ್ಣು ಮುಚ್ಚಿ ಅಳತೆ ಹೇಳುವ ಮನುಷ್ಯ!

ವಾಪಸು ಬರುವ ಬಸ್ಸು ಮಡಿವಾಳ ದಾಟಿದ ಮೇಲೆ ಅವರೇ ಹೇಳಿದರು, ಕಿಟಕಿಯ ಕಡೆ ನೋಡಿಕೊಂಡು.

“ಇಪ್ಪತ್ತೆರಡು ವರ್ಷದಲ್ಲಿ ಒಂದು ನಟ್ಟು ಲೆಕ್ಕ ತಪ್ಪಿಲ್ಲ ಸರೋಜಾ. ಇದ್ರಲ್ಲಿ ಎಲ್ರ ಎದುರಿಗೆ ತಪ್ತೀನಿ.”

“ಮೊದ್ಲು ನನ್ನೆದುರಿಗೆ ತಪ್ಪಿ. ನಾನೇನು ಮ್ಯಾನೇಜರಾ?” ಎಂದೆ.

ಆಗ ನನಗೆ ಒಂದು ವಿಷಯ ತಿಳಿಯಿತು. ಒಳ್ಳೆಯ ಲ್ಯಾಪ್‌ಟಾಪು ಸಿಕ್ಕದಿರುವುದಕ್ಕೆ ಕಾರಣ ಅಂಗಡಿಗಳಲ್ಲಿ ಇರಲಿಲ್ಲ. ಸಿಗುವ ತನಕ ಕಲಿಯಬೇಕಿಲ್ಲ, ಕಲಿಯಲು ಕೂರುವ ತನಕ ಸೋಲಬೇಕಿಲ್ಲ. ನಾನೂ ಹೀಗೇ ಮಾಡಿದ್ದುಂಟು. ಹೊಲಿಗೆ ಕಲಿಯಬೇಕೆಂದು ಮದುವೆಯಾದ ಹೊಸತರಲ್ಲಿ ಹೊರಟು, ಸರಿಯಾದ ಕತ್ತರಿ ಸಿಕ್ಕಲಿಲ್ಲವೆಂದು ಎಷ್ಟು ವರ್ಷ ದೂಡಿದೆನೋ. ಕತ್ತರಿ ಈಗಲೂ ಹುಡುಕುತ್ತಲೇ ಇದ್ದೇನೆ.

ಚೀಟಿಯ ಮೂರನೆಯ ದಿನ, ಅಂದರೆ ಬುಧವಾರ, ಚೀಟಿಗಳನ್ನು ಹಾಗೇ ಬಿಟ್ಟು, ರಜೆಯಿದ್ದ ಶಿಲ್ಪಾಳನ್ನು ಕರೆದುಕೊಂಡು ಇವರಿಗೆ ಹೇಳದೆ ಹೊರಟೆ. ಹೊಸೂರು ರಸ್ತೆಯ ಮೇಲೇ ಇದ್ದ ಒಂದು ಅಂಗಡಿ. ಅಲ್ಲಿ ಸಾಲಾಗಿ ಹೊಸವು ಕೂತಿದ್ದವು. ಕೊನೆಯಲ್ಲಿ ಒಂದು, ಗಿರಾಕಿಗಳಿಗೆ ತೋರಿಸಲೆಂದು ತಿಂಗಳುಗಟ್ಟಲೆ ತೆರೆದೇ ಇಟ್ಟಿದ್ದು. ಕೈಯಿಟ್ಟು ಕೈಯಿಟ್ಟು ಕೆಲವು ಬಟನ್ನುಗಳು ಪಾಲಿಷ್ ಮಾಡಿದಂತೆ ಮಿರುಗುತ್ತಿದ್ದವು, ಒಂದು ಮೂಲೆ ಸವೆದಿತ್ತು. ಅದನ್ನು ಕಡಿಮೆಗೆ ಕೊಡುತ್ತೇವೆ, ಆದರೆ ಬೇಡ ಬಿಡಿ ಮೇಡಂ, ಎಲ್ಲರೂ ಒತ್ತಿ ನೋಡಿರುವ ಪೀಸು ಎಂದು ಅಂಗಡಿಯ ಹುಡುಗಿಯೇ ಹೇಳಿದಳು. ಶಿಲ್ಪಾ ಅದನ್ನು ಕಾಲು ಗಂಟೆ ನಡೆಸಿ ನೋಡಿದಳು. “ಛಲೋ ಐತ್ರೀ ಆಂಟಿ. ಆದ್ರ ಹೊಸಾದ ತಗೋರಲ್ಲ” ಎಂದಳು. ನಾನು ಅದನ್ನೇ ಕಟ್ಟಿಸಿದೆ. ದಾರಿಯಲ್ಲಿ ಹೋಗುವವರೆಲ್ಲ ಬಂದು, ತಿಳಿದಂತೆ, ತಿಳಿಯದಂತೆ, ಸರಿ, ತಪ್ಪು ಒತ್ತಿ ಹೋಗಿದ್ದಾರೆ. ಅದು ಎಲ್ಲವನ್ನೂ ತಡೆದುಕೊಂಡು ಇನ್ನೂ ಬೆಳಗುತ್ತಿದೆ. ದಿನಬಳಕೆಗೆ ಇದಕ್ಕಿಂತ ಏನು ಬೇಕು?

ಮನೆಗೆ ತಂದು ಮುಚ್ಚಳದ ಮೇಲೆ ಅರಿಶಿನ ಕುಂಕುಮ ಇಟ್ಟು, ಒಂದು ದಾಸವಾಳ ಏರಿಸಿ ಆರತಿ ಎತ್ತಿದೆ. ಕುಂಕುಮದ ಕೈಯಲ್ಲಿ ಬಟನ್ನು ಮುಟ್ಟಬೇಡಿ ಎಂದು ಶಿಲ್ಪಾ ಮೊದಲೇ ಎಚ್ಚರಿಸಿದ್ದಳು. ಇವರು ಬಂದರು, ನೋಡಿದರು, ಎತ್ತಿ ತಳವನ್ನು ನೋಡಿದರು. ಒಂದು ಸ್ಕ್ರೂ ಇರಲೇ ಇಲ್ಲ. ತಮ್ಮ ಚೀಲದಿಂದ ಒಂದು ಪುಟಾಣಿ ಸ್ಕ್ರೂ ತೆಗೆದು ಹಾಕಿ ತಿರುಗಿಸಿದರು. ಬೈಯಲಿಲ್ಲ. ಕೂತು ಬಟನ್ನನ್ನೂ ಒತ್ತಲಿಲ್ಲ. ಎರಡು ದಿನ ಅದು ದಾಸವಾಳದ ಜೊತೆ ಬಾಡುತ್ತಾ ಕೂತಿತ್ತು.

ಧನುರ್ಮಾಸದಲ್ಲಿ ನಾನು ದಿನಕ್ಕೆ ನೂರೆಂಟು ಸಲ ಶ್ರೀರಾಮ ಎಂದು ಪುಸ್ತಕದಲ್ಲಿ ಬರೆಯುತ್ತೇನೆ. ಆ ವರ್ಷವೂ ಅದು ನಡೆಯುತ್ತಿತ್ತು. ಮೂರನೆಯ ದಿನ ಬೆಳಗ್ಗೆ ಇವರಿಗೆ, ನನಗೆ ಹುಗ್ಗಿಯ ಕೆಲಸ ಇದೆ, ಇವತ್ತಿನದು ನೀವು ಅದರಲ್ಲಿ ಬರೆದುಕೊಡಿ, ಇಂಗ್ಲಿಷಿನಲ್ಲಾದರೂ ಸರಿ ಎಂದೆ. ದೇವರ ಹೆಸರು ಎಂದ ಮೇಲೆ ಇಲ್ಲ ಎನ್ನುವಂತಿಲ್ಲ. ಕೂತರು. ಒಂದೇ ಬೆರಳು. ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ಬಗ್ಗಿ, ಒಂದೊಂದು ಅಕ್ಷರ ಸಿಕ್ಕಾಗಲೂ ಅದು ಓಡಿಹೋಗುತ್ತದೇನೋ ಎಂಬಂತೆ ಗಬಕ್ಕನೆ ಒತ್ತುವುದು. ಹುಗ್ಗಿ ಬೆಂದು ತಣ್ಣಗಾಗುವ ಹೊತ್ತಿಗೆ ಹನ್ನೊಂದು ರಾಮನಾಮ ಆಗಿತ್ತು. ಅದರಲ್ಲಿ ನಾಲ್ಕು ಯಾವ ದೇವರ ಹೆಸರೋ ಹೇಳಲಾಗದು. ದೇವರ ಹೆಸರಿನಲ್ಲಿ ತಪ್ಪಾದರೆ ದೇವರೇ ತಿದ್ದಿಕೊಳ್ಳುತ್ತಾನೆ ಎಂದೆ. ಬಾಯಿಬಿಟ್ಟು ಹೇಳುವ ಜಪಕ್ಕಿಂತ ತುಟಿಯಲ್ಲಿ ಹೇಳುವ ಜಪ ಹೆಚ್ಚು, ಅದಕ್ಕಿಂತ ಮನಸ್ಸಿನಲ್ಲಿ ಹೇಳುವುದು ಹೆಚ್ಚು ಎನ್ನುತ್ತಾರೆ ತಿಳಿದವರು. ಒಂದು ಬೆರಳಿನ ಜಪ ಎಲ್ಲಿ ಬರುತ್ತದೋ ಗೊತ್ತಿಲ್ಲ. ಬೆವರು ಬರುವ ಜಪವೆಂದು ಒಂದು ಇದ್ದರೆ ಅದು ಅದೇ.

ವಾರ ಕಳೆದ ಮೇಲೆ ಒಂದು ಸಂಜೆ ನಾನು ದೀಪ ಹಚ್ಚುತ್ತಿದ್ದೆ, ಒಳಗಿನಿಂದ ಕರೆದರು. ಹೋಗಿ ನೋಡಿದರೆ ಪರದೆಯ ತುಂಬಾ ಶ್ರೀರಾಮ, ಮೇಲಿನಿಂದ ಕೆಳಗಿನ ತನಕ ಸಾಲುಸಾಲು. ನೂರೆಂಟು ಎಂದರು. ಕೂತು ಐದು ನಿಮಿಷವಾಗಿರಲಿಲ್ಲ. ತಪ್ಪಿ ಬಲಗಡೆಯ ಬಟನ್ನನ್ನು ಒತ್ತಿದರಂತೆ, ಒಂದು ಪಟ್ಟಿ ಬಿತ್ತಂತೆ. ರ‍್ಯಾಕಿನ ಮೇಲಿನ ಲೇಬಲ್ಲಿನಂತೆ ಅದನ್ನು ಮೇಲಿನಿಂದ ಓದಿಕೊಂಡು ಬಂದರಂತೆ. ಅದರಲ್ಲಿ ಕಾಪಿ ಇತ್ತು, ಅದರ ಕೆಳಗೆ ಪೇಸ್ಟ್ ಇತ್ತು. “ಒಂದ್ಸಲ ಬರೆದ್ರೆ ಸಾಕು ಕಣೇ, ಮಿಕ್ಕಿದ್ದು ಅದೇ ಬರ್ಕೊಳುತ್ತೆ” ಎನ್ನುವಾಗ ಅವರ ಮುಖ ನೋಡಬೇಕಿತ್ತು. ಐದು ವಾರದಲ್ಲಿ ಮೊದಲ ಸಲ ಎರಡೂ ಕೈ ಬಟನ್ನಿನ ಮೇಲೇ ಇದ್ದವು.

ನನಗೆ ಸಂತೋಷವೂ ಆಯಿತು, ಸಂಕಟವೂ ಆಯಿತು. ನೂರೆಂಟರಲ್ಲಿ ನೂರೇಳನ್ನು ಯಂತ್ರ ಬರೆದರೆ ಪುಣ್ಯ ಯಾರಿಗೆ? ಮುನಿರತ್ನಮ್ಮನವರನ್ನು ಕೇಳಿದೆ. “ದ್ಯಾವ್ರು ಎಣಿಸ್ಕಂಡು ಕುಂತವ್ನಾ? ಅವ್ನಿಗೇನು ಬ್ಯಾರೆ ಕೆಲ್ಸ ಇಲ್ವಾ? ನಿನ್ ಗಂಡ ಕಲ್ತ್‌ನಲ್ಲ, ಅದುನ್ನ ನೋಡು” ಎಂದರು. ನ್ಯಾಯವಾಗಿಯೇ ಕಂಡಿತು. ಆದರೂ ಇರಲಿ ಎಂದು ಆ ದಿನದ ನೂರೆಂಟನ್ನು ನಾನು ಪುಸ್ತಕದಲ್ಲಿ ಇನ್ನೊಮ್ಮೆ ಬರೆದೆ. ಇವರಿಗೆ ಹೇಳಲಿಲ್ಲ. ಮಾರನೆಯ ದಿನದಿಂದ ಇವರು ರಾಮನನ್ನು ನನಗೇ ಬಿಟ್ಟು, ಶಿಲ್ಪಾ ತೋರಿಸಿದ ಹಾಗೆ ಪರದೆಯ ಮೇಲೆ ಚೌಕದ ಮನೆಗಳ ಪಟ್ಟಿ ಹಾಕಿ ಅದರಲ್ಲಿ ಬೋಲ್ಟು, ವಾಷರು, ಬೇರಿಂಗಿನ ಲೆಕ್ಕ ತುಂಬತೊಡಗಿದರು. ಅಭ್ಯಾಸಕ್ಕೆ ಸಾಮಾನು ಸಾಲದೆ ನಮ್ಮ ಅಡುಗೆಮನೆಯ ಡಬ್ಬಿಗಳೂ ಅದರೊಳಗೆ ಹೋದವು. ನನ್ನ ಸಾಸಿವೆ ಮುಗಿಯುತ್ತಾ ಬಂದಿದೆ ಎಂದು ನನಗಿಂತ ಮೊದಲು ಲ್ಯಾಪ್‌ಟಾಪಿಗೆ ಗೊತ್ತಾಗುತ್ತಿತ್ತು.

ಆ ಸೋಮವಾರ ಬಂತು. ಡಬ್ಬಿಗೆ ಹಾಕುವ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಎರಡು ಸಲ ಹಾಕಿದೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಎರಡು ಸಲ ಹಾಕಿದೆ. ದೇವರ ಮುಂದೆ ಕೂತು, ಒಂದೂ ತಪ್ಪಾಗದ ಹಾಗೆ ನೋಡಿಕೊಳ್ಳಪ್ಪ, ಬೇರೇನೂ ಬೇಡ ಎಂದೆ. ಎದ್ದು ಕಿಟಕಿಗೆ ಹೋದೆ. ಫೋನು ಸತ್ತಿದೆಯೇನೋ ಎಂದು ಕೆಲಸಕ್ಕೆ ಹೊರಟಿದ್ದ ಶಿಲ್ಪಾಳ ಕೈಯಲ್ಲಿ ಒಂದು ಸಲ ಮಾಡಿಸಿ ನೋಡಿದೆ. ಬದುಕಿಯೇ ಇತ್ತು. ಮಧ್ಯಾಹ್ನ ಎರಡೂವರೆಗೆ ಬಾರಿಸಿತು.

“ತಪ್ಪು ಮಾಡ್ಬಿಟ್ಟೆ ಸರೋಜಾ.”

ನಾನು ಫೋನನ್ನು ಆ ಕಿವಿಯಿಂದ ಈ ಕಿವಿಗೆ ಬದಲಾಯಿಸಿದೆ.

ನಡೆದದ್ದನ್ನು ನಿಧಾನವಾಗಿ ಹೇಳಿದರು. ಎಲ್ಲರೂ ಸುತ್ತ ನಿಂತಿದ್ದರಂತೆ. ಇಪ್ಪತ್ತು ಐಟಂ ಎಂಟ್ರಿ. ಇವರದು ಎಲ್ಲರಿಗಿಂತ ನಿಧಾನ. ಒಂದು ಕಡೆ ನೂರು ವಾಷರು ಎಂದು ಹೊಡೆಯುವಾಗ ಒಂದು ಸೊನ್ನೆ ಹೆಚ್ಚು ಬಿದ್ದು ಸಾವಿರವಾಯಿತಂತೆ. ಮ್ಯಾನೇಜರು ನೋಡಲಿಲ್ಲ, ಕಂಪ್ಯೂಟರು ಏನೂ ಅನ್ನಲಿಲ್ಲ. ಎರಡು ಸಾಲು ಮುಂದೆ ಹೋದವರು ತಾವೇ ನಿಲ್ಲಿಸಿ, ಸಾರ್, ಇದು ತಪ್ಪು, ಆ ಡಬ್ಬಿಗೆ ಸಾವಿರ ಹಿಡಿಸಲ್ಲ, ಇನ್ನೂರೈವತ್ತರ ಮೇಲೆ ಮುಚ್ಚಳವೇ ಕೂರಲ್ಲ ಎಂದರಂತೆ. ಮ್ಯಾನೇಜರು ಉಳಿದವರು ಮಾಡಿದ್ದ ಎಂಟ್ರಿಯನ್ನೆಲ್ಲ ಇವರ ಮುಂದಿಟ್ಟು, ಇವನ್ನೂ ನೋಡಿ ಎಂದರಂತೆ. ಮೂರು ತಪ್ಪು ಸಿಕ್ಕವಂತೆ.

“ಸ್ಟೋರ್ಸ್‌ನಲ್ಲೇ ಇರಿ ಅಂದ್ರು” ಎಂದರು ಕೊನೆಗೆ.

“ಊಟ ಆಯ್ತಾ?” ಎಂದೆ. ಇಂಥ ಹೊತ್ತಿನಲ್ಲಿ ನನ್ನ ಬಾಯಿಗೆ ಬರುವುದು ಇಷ್ಟೇ.

“ಇಲ್ಲ, ಈಗ ಡಬ್ಬಿ ತೆಗೀತೀನಿ.”

ಸಾರಿಗೆ ಎರಡು ಸಲ ಉಪ್ಪು ಬಿದ್ದಿದೆ ಎಂದು ಹೇಳಲು ಹೋಗಿ ಬಿಟ್ಟೆ. ಅವತ್ತು ಅವರಿಗೆ ಅದು ಗೊತ್ತಾಗುತ್ತಿರಲಿಲ್ಲ.

ದೇವರ ಗೂಡಿನ ಮುಂದೆ ಒಂದು ಕ್ಷಣ ನಿಂತೆ. ನಾನು ಬೇಡಿದ್ದು ತಪ್ಪಾಗದಿರಲಿ ಎಂದು. ಅವನು ಕೊಟ್ಟದ್ದು ಒಂದು ತಪ್ಪು. ಅಂಗಡಿಯವರ ಹಾಗೆ ಅವನ ಹತ್ತಿರವೂ ನಾವು ಕೇಳಿದ ಮಾಡೆಲ್ಲು ಇರುವುದಿಲ್ಲ, ಇರುವುದರಲ್ಲೇ ಯಾವುದೋ ಒಂದನ್ನು ಕಟ್ಟಿ ಕೊಡುತ್ತಾನೆ. ನಾವು ಮುಖ ಗಂಟಿಕ್ಕಿಕೊಂಡು ಮನೆಗೆ ತರುತ್ತೇವೆ. ಬಳಸುತ್ತಾ ಬಳಸುತ್ತಾ, ನಮಗೆ ಬೇಕಾಗಿದ್ದು ಇದೇ ಅಲ್ಲವೇ ಎನ್ನಿಸುತ್ತದೆ. ಕೈ ಮುಗಿದು ಇನ್ನೂ ಏನೋ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಕೆಳಗಿನಿಂದ ಮುನಿರತ್ನಮ್ಮನವರ ಕೂಗು ಕೇಳಿಸಿತು, ನೀರು ಬಿಟ್ಟವ್ರೆ ಕಣಮ್ಮೋ, ಅರ್ಧ ಗಂಟೇನೆ ಅಂತೆ. ಸೆರಗು ಸಿಕ್ಕಿಸಿಕೊಂಡು ಡ್ರಮ್ಮಿಗೆ ಪೈಪು ಹಾಕಲು ಹೋದೆ.